ಗಿರಿಜನ ಕಾಫಿ ಬೆಳೆಗಾರರಿಗೆ ನಿಜವಾಗಿ ಆಸರೆಯಾಗೋ ಸಂಸ್ಥೆ ಯಾವುದು?

ಬಸವನಗುಡಿ ಲೆಕ್ಕಿಗ

ಬೆಂಗಳೂರಿನ ಅಂಗಡಿಗಳಲ್ಲಿ ಈಗ ಆಂಧ್ರದ ಅರಕು, ಒಡಿಶಾದ ಕೋರಾಪುಟ್, ಬಿಳಿಗಿರಿರಂಗನ ಬೆಟ್ಟದ ಕಾಫಿ ಪ್ಯಾಕೆಟ್‌ಗಳು ಸುಲಭವಾಗಿ ಸಿಗುತ್ತವೆ. "ಇದನ್ನು ಕೊಂಡರೆ ಬೆಳೆದವರಿಗೆ ಏನಾದ್ರೂ ಸೇರುತ್ತಾ?" ಅಂತ ಇಲ್ಲಿ ಆಗಾಗ ಯಾರಾದರೂ ಕೇಳ್ತಾನೇ ಇರ್ತಾರೆ. ನಾನು ಸಣ್ಣ ಸಹಕಾರ ಸಂಘಗಳು, ರೈತ ಉತ್ಪಾದಕ ಕಂಪನಿಗಳ ಲೆಕ್ಕಪತ್ರ ನೋಡುವ ಕೆಲಸದವನು. ನನ್ನ ಮಟ್ಟಿಗೆ ಉತ್ತರ ಬ್ರ್ಯಾಂಡಿನಲ್ಲಿ ಇಲ್ಲ, ಸಬ್ಸಿಡಿಯಲ್ಲೂ ಇಲ್ಲ. ಹಣ್ಣು ಕೊಯ್ದ ದಿನದಿಂದ ದುಡ್ಡು ಕೈಗೆ ಬರೋ ದಿನದವರೆಗೆ ಆ ಮನೆಯ ಖರ್ಚನ್ನು ಯಾರು ಹೊರ್ತಾರೆ ಅನ್ನೋದರಲ್ಲಿದೆ.

ಅರೇಬಿಕಾ ಜಾತಿಯ ಕಾಫಿ ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸೋ ಯಂತ್ರಕ್ಕೆ, ಅಂದ್ರೆ ಪಲ್ಪರ್‌ಗೆ ಹೋಗಬೇಕು. ಆಮೇಲೆ ಹುಳಿ ಬಂದು ಲೋಳೆ ಬಿಡಬೇಕು, ತೊಳೀಬೇಕು, ತೇವಾಂಶ ಸುಮಾರು 10 ಪರ್ಸೆಂಟ್‌ಗೆ ಇಳಿಯೋವರೆಗೆ ಒಂದು ವಾರ, ಹತ್ತು ದಿನ ಕಣದಲ್ಲಿ ಒಣಗಿಸಬೇಕು. ಸುಮಾರು ಐದು ಕಿಲೋ ಹಣ್ಣಿಗೆ ಒಂದು ಕಿಲೋ ಒಳಹೊಟ್ಟಿನ ಸಮೇತದ ಒಣ ಬೀಜ, ಅಂದ್ರೆ ಪಾರ್ಚ್‌ಮೆಂಟ್. ಒಂದೆಕರೆ, ಎರಡೆಕರೆಯವರ ಹತ್ತಿರ ಪಲ್ಪರ್ ಇರಲ್ಲ, ಸಿಮೆಂಟ್ ಕಣ ಇರಲ್ಲ, ಧಾರಾಳ ನೀರೂ ಇರಲ್ಲ. ಹಾಗಾಗಿ ಹಣ್ಣನ್ನು ಹಾಗೇ ಮಾರ್ತಾರೆ, ಇಲ್ಲಾ ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ 'ಚೆರ್ರಿ' ಮಾಡಿ ಮಾರ್ತಾರೆ. ಅದಕ್ಕೂ ಮುಂಚೆ, ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ, ಯಾರೋ ವ್ಯಾಪಾರಿ ಮುಂಗಡ ಕೊಟ್ಟಿರ್ತಾನೆ. ಫಸಲು ಗಿಡದ ಮೇಲಿರುವಾಗಲೇ ಬೆಲೆ ನಿಗದಿಯಾಗಿ ಹೋಗಿರುತ್ತೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಆಗಸ್ಟ್‌ನಲ್ಲೇ ಮುಂಗಡ ತಗೊಂಡವನಿಗೆ ಆ ಏರಿಕೆಯಲ್ಲಿ ಪಾಲು ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ಅರೇಬಿಕಾ ಒಂದು ವರ್ಷ ಜೋರಾಗಿ ಬಂದ್ರೆ ಮುಂದಿನ ವರ್ಷ ಬಡವಾಗುತ್ತೆ. ಐವತ್ತು ಎಕರೆ ತೋಟದವರು ಬ್ಲಾಕ್ ಬ್ಲಾಕ್ ಆಗಿ ಗಿಡದ ರೆಂಬೆ ಸವರಿ, ಗೊಬ್ಬರ ಕೊಟ್ಟು ಇದನ್ನು ಸರಿದೂಗಿಸ್ಕೊಳ್ತಾರೆ. ಎರಡೆಕರೆಯವರಿಗೆ ಆ ಬಡ ವರ್ಷವೇ ಸಾಲದ ವರ್ಷ. ಯೋಜನೆಗಳೆಲ್ಲ ಒಳ್ಳೇ ವರ್ಷದ ಫೋಟೋ ಹಾಕ್ಕೊಳ್ತವೆ. ಬಡ ವರ್ಷದಲ್ಲಿ ಆ ಸಂಸ್ಥೆ ಏನು ಮಾಡಿತು ಅಂತ ನೋಡಿದರೆ ಅದರ ಯೋಗ್ಯತೆ ಗೊತ್ತಾಗುತ್ತೆ.

ಹಳೇ ಕಥೆಯೂ ಇದನ್ನೇ ಹೇಳುತ್ತೆ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಎಲ್ಲರದ್ದನ್ನೂ ಸೇರಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು, ದುಡ್ಡು ಕಂತುಗಳಲ್ಲಿ ಬರ್ತಿತ್ತು. ಮಾರುವ ಖಾತ್ರಿ ಇತ್ತು, ಕೈಯಲ್ಲಿ ಕಾಸಿರಲಿಲ್ಲ. 90ರ ದಶಕದಲ್ಲಿ ಹಂತಹಂತವಾಗಿ ಬಿಟ್ಟು 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. ಈಗ ಕಾಸು ಬೇಗ ಬರುತ್ತೆ, ಖಾತ್ರಿ ಹೋಯಿತು. ಕಾಫಿಗೆ ಕನಿಷ್ಠ ಬೆಂಬಲ ಬೆಲೆ ಅನ್ನೋದೇ ಇಲ್ಲ. ದೊಡ್ಡ ಪ್ಲಾಂಟರ್‌ಗಳು ಈ ಬದಲಾವಣೆಯಲ್ಲಿ ಗೆದ್ದರು. ಬೆಟ್ಟದ ಮೇಲಿನ ಸಣ್ಣವರಿಗೆ ಪೂಲ್ ಜಾಗಕ್ಕೆ ವ್ಯಾಪಾರಿ ಬಂದ.

ಬೆಟ್ಟದ ಕಡೆಯವರು, ಬ್ಯಾಂಕಿನವರು, ಕಾಫಿ ವ್ಯಾಪಾರದವರು ಇಲ್ಲಿದ್ದೀರಿ. ನಿಮ್ಮ ಊರಲ್ಲಿ ಕೊಯ್ಲಿನ ಹೊತ್ತಿಗೆ ತಕ್ಕಡಿ ಹಿಡ್ಕೊಂಡು ಬರೋದು ಯಾರು? ದುಡ್ಡು ಎಷ್ಟು ದಿನಕ್ಕೆ ಕೊಡ್ತಾರೆ?

---

ಪೋಡಿನವನು

ನಾನು ಸೋಲಿಗ. ಬಿಳಿಗಿರಿರಂಗನ ಬೆಟ್ಟದ ಪೋಡಿನವನು (ಪೋಡು ಅಂದ್ರೆ ನಮ್ಮ ಹಾಡಿ), ಈಗ ಪೀಣ್ಯದಲ್ಲಿ ಕೆಲಸ. ಸರ್, ನೀವು ಬರೆದದ್ದು ಮುಕ್ಕಾಲು ಪಾಲು ಸರಿ. ಆದ್ರೆ ನಮ್ಮಲ್ಲಿ ಕಥೆ ತಕ್ಕಡಿಗಿಂತ ಹಿಂದೆ ಶುರುವಾಗುತ್ತೆ.

1974ರಲ್ಲಿ ಅಭಯಾರಣ್ಯ ಆದ್ಮೇಲೆ ನಮ್ಮ ಹಿರಿಯರ ಬೇಸಾಯ ನಿಂತೋಯ್ತು. ಕಾಡೊಳಗೆ ಚದುರಿದ್ದವರನ್ನ ತಂದು ಒಂದೊಂದ್ ಕಡೆ ಕೂರಿಸಿದ್ರು. ಉಳಿದದ್ದು ಜೇನು, ನೆಲ್ಲಿಕಾಯಿ, ಪಾಚಿ. ಅದನ್ನ ಗಿರಿಜನರ ಸಹಕಾರ ಸಂಘ, ಲ್ಯಾಂಪ್ಸ್ ಸೊಸೈಟಿಗೆ ಹಾಕ್ತಿದ್ರು, ವರ್ಷಕ್ಕೆ ಒಂದಿಷ್ಟು ಕಾಸು ಬರ್ತಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂತಲ್ಲ, ಅದಾದ್ಮೇಲೆ ಅಭಯಾರಣ್ಯದೊಳಗೆ ಕಿರು ಉತ್ಪನ್ನ ಮಾರಾಟಕ್ಕೆ ಆರಿಸೋದನ್ನೂ ನಿಲ್ಲಿಸಿದ್ರು. ಆವಾಗ್ಲೇ ಎಷ್ಟೋ ಮನೆಯವರು ಹಿತ್ತಲ ಕಾಫಿ ಗಿಡದ ಕಡೆ ಸರಿಯಾಗಿ ತಿರುಗಿ ನೋಡಿದ್ದು. ಗಿಡ ಮೊದಲೇ ಇದ್ದವು. ಎಸ್ಟೇಟ್ ಕೆಲಸಕ್ಕೆ ಹೋದವರು ಸಸಿ ತಂದಿದ್ರು, ಸಂಸ್ಥೆಗಳೂ ಕೊಟ್ಟಿದ್ವು. ಕಾಫಿ ನಮಗೆ ಆಸೆಗೆ ಬಂದ ಬೆಳೆ ಅಲ್ಲ. ಬೇರೆ ದಾರಿ ಮುಚ್ಚಿದಾಗ ಉಳಿದ ಬೆಳೆ.

2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆ ಕೆಳಗೆ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ತು. ಹುಲಿ ಕಾಡೊಳಗೆ ಅಂಥ ಹಕ್ಕು ದೇಶದಲ್ಲೇ ಮೊದಲು. ಅದಕ್ಕೆ ವರ್ಷಗಟ್ಟಲೆ ಓಡಾಡಿದ್ದು ನಮ್ಮ ಸೋಲಿಗರ ಸಂಘ, ಜೊತೆಗೆ ನಿಂತದ್ದು ನಕ್ಷೆ ಮಾಡಿಕೊಟ್ಟ ಬೆಂಗಳೂರಿನ ಏಟ್ರೀ ಸಂಸ್ಥೆಯವರು, 1981ರಿಂದ ಬೆಟ್ಟದಲ್ಲಿ ಆಸ್ಪತ್ರೆ, ಶಾಲೆ ನಡೆಸ್ತಿರೋ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು. ಇವರ್‍ಯಾರೂ ಕಾಫಿ ಕೊಳ್ಳೋಕೆ ಬಂದವರಲ್ಲ. ಆದ್ರೆ ನಾಳೆ ಎಬ್ಬಿಸ್ತಾರೇನೋ ಅನ್ನೋ ಭಯ ಇದ್ದವನು ಯಾಕೆ ಸರ್ ಐದು ವರ್ಷಕ್ಕೆ ಫಸಲು ಕೊಡೋ ಗಿಡ ನೆಡ್ತಾನೆ? ಹಕ್ಕುಪತ್ರ ಬಂದ್ಮೇಲೆ ನಮ್ಮಪ್ಪ ಸತ್ತ ಗಿಡ ಕಿತ್ತು ಹೊಸದು ಹಾಕಿದ್ರು. ಮೆಣಸಿನ ಬಳ್ಳಿ ಹಬ್ಬಿಸಿದ್ರು. ಅದಕ್ಕೆ ಮುಂಚೆ ಹಾಕಿರಲಿಲ್ಲ.

ತಕ್ಕಡಿ ಬಗ್ಗೆ ಕೇಳಿದ್ರಿ. ಎರಡು ಥರ ಬರ್ತಾರೆ. ಕೆಳಗಿಂದ ಬರೋ ವ್ಯಾಪಾರಿ, ಡಬ್ಬದಲ್ಲಿ ಅಳೆಯೋನು. ಕಾಸು ಅಲ್ಲೇ ಕೊಡ್ತಾನೆ. ಇನ್ನೊಂದು, ಒಳ್ಳೇ ಹಣ್ಣಿಗೆ ಹೆಚ್ಚು ಬೆಲೆ ಕೊಡ್ತೀವಿ ಅಂತ ಬರೋರು. ಬೆಲೆ ನಿಜವಾಗ್ಲೂ ಹೆಚ್ಚು ಕೊಡ್ತಾರೆ, ಆದ್ರೆ ಕೆಂಪು ಹಣ್ಣು ಮಾತ್ರ ತಗೋತಾರೆ. ಕೆಂಪು ಮಾತ್ರ ಆರಿಸಿ ಕೊಯ್ಯೋಕೆ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗ್ಬೇಕು. ಆ ಕೆಲಸ ಯಾರದು? ಅವ್ವಂದು, ಅಕ್ಕಂದು. ಉಳಿದ ಅರೆಹಣ್ಣು, ಕಾಯಿ, ಉದುರಿದ್ದು ಮತ್ತೆ ಆ ಡಬ್ಬದವನಿಗೇ. ಹಾಗಾಗಿ ಅವನನ್ನ ಬಿಡೋಕಾಗಲ್ಲ.

---

ನಿವೃತ್ತ ಬ್ಯಾಂಕಿನವರು

ಗ್ರಾಮೀಣ ಶಾಖೆಗಳಲ್ಲೇ ಹೆಚ್ಚು ಕಾಲ ಕಳೆದವನು ನಾನು. ಪೋಡಿನವರು ಹಕ್ಕುಪತ್ರದ ಮಾತೆತ್ತಿದ್ದರಿಂದ ಇದನ್ನು ಹೇಳಲೇಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಒಂದು ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್. ಆ ಹಕ್ಕು ಮಕ್ಕಳಿಗೆ ಹೋಗುತ್ತದೆ, ಆದರೆ ಮಾರಲು, ಪರಭಾರೆ ಮಾಡಲು ಬರುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಬೇಕು. ಇದು ಬಹಳ ಒಳ್ಳೆಯ ಕಾನೂನು, ಭೂಮಿ ಕೈಬಿಟ್ಟು ಹೋಗದಂತೆ ಕಾಯುತ್ತದೆ. ಆದರೆ ಬ್ಯಾಂಕಿನ ಮ್ಯಾನೇಜರ್ ಅದನ್ನು ನೋಡಿದ ಕೂಡಲೇ "ಅಡಮಾನ ಆಗಲ್ಲ" ಅನ್ನುತ್ತಾನೆ. "ಪಹಣಿ ತನ್ನಿ" ಅಂತ ವಾಪಸ್ ಕಳಿಸಿದ ಪ್ರಕರಣಗಳನ್ನು ನಾನೇ ಕಂಡಿದ್ದೇನೆ.

ಅಡಮಾನವೇ ಬೇಕಿಲ್ಲ ಅನ್ನುವುದು ಎಷ್ಟೋ ಜನಕ್ಕೆ ತಿಳಿದಿಲ್ಲ. ಭದ್ರತೆ ಇಲ್ಲದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ. ಎರಡೆಕರೆ ಕಾಫಿಗೆ ಬೇಕಾಗುವ ಬೆಳೆಸಾಲ ಆ ಮಿತಿಯೊಳಗೇ ಬರುತ್ತದೆ. ಲೆಕ್ಕಿಗರು ಹೇಳಿದ ಆಗಸ್ಟ್ ತಿಂಗಳ ಮುಂಗಡದ ಜಾಗದಲ್ಲಿ ಈ ಸಾಲ ನಿಲ್ಲಬೇಕಿತ್ತು. ನಿಲ್ಲುತ್ತಿಲ್ಲ. ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ, ಬ್ಯಾಂಕು ಬೆಟ್ಟದ ಕೆಳಗಿದೆ. ಒಂದು ಸಹಿಗೆ ಮೂರು ಸಲ ಬಸ್ ಹತ್ತಿ ಇಳಿಯುವವನಿಗೆ ಬಡ್ಡಿ ಕಡಿಮೆ ಎಂದರೆ ಏನು ಪ್ರಯೋಜನ?

---

ವೈಜಾಗ್ ಕನ್ನಡಿಗ

ಉದ್ಯೋಗದ ನಿಮಿತ್ತ ವಿಶಾಖಪಟ್ಟಣದಲ್ಲಿ ವರ್ಷಗಳ ಕಾಲ ಇದ್ದೆ, ಈಗ ಹೆಬ್ಬಾಳದಲ್ಲಿದ್ದೇನೆ. ಬೆಂಗಳೂರಿನವರು ಅರಕು ವಿಷಯದಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಅಂದ್ಕೊಂಡಿದ್ದಾರೆ, ಅದನ್ನು ಬಿಡಿಸಿ ಹೇಳ್ತೀನಿ.

ಒಂದು, ಆಂಧ್ರ ಸರ್ಕಾರದ ಗಿರಿಜನ ಸಹಕಾರ ನಿಗಮ, ಜಿಸಿಸಿ. 1956ರಲ್ಲಿ ಶುರುವಾದದ್ದು. ಹುಣಸೆ, ಜೇನು ಕೊಳ್ಳುವ ಹಾಗೇ ಕಾಫಿಯನ್ನೂ ಕೊಳ್ಳುತ್ತೆ, 'ಅರಕು ವ್ಯಾಲಿ ಕಾಫಿ' ಹೆಸರಲ್ಲಿ ಮಾರುತ್ತೆ. ಇನ್ನೊಂದು, ನಾಂದಿ ಫೌಂಡೇಶನ್ ಜೊತೆ ಬೆಳೆದ ಗಿರಿಜನ ರೈತರ ಸಹಕಾರ ಸಂಘ. ಅವರ ಕಾಫಿಯೇ 'ಅರಕು' ಬ್ರ್ಯಾಂಡಾಗಿ 2017ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದದ್ದು, 2021ರಲ್ಲಿ ಇಂದಿರಾನಗರಕ್ಕೆ ಬಂದದ್ದು. ಇವೆರಡರ ಹಿಂದೆ ಪಾಡೇರಿನ ಐಟಿಡಿಎ, ಅಂದ್ರೆ ಸರ್ಕಾರದ ಸಮಗ್ರ ಗಿರಿಜನ ಅಭಿವೃದ್ಧಿ ಸಂಸ್ಥೆ ಇದೆ. ಸಸಿ, ನೆರಳಿನ ಸಿಲ್ವರ್ ಮರ, ಮೆಣಸಿನ ಬಳ್ಳಿ ಹಂಚಿದ್ದು ಅದರ ಕೆಲಸ. ತಾಂತ್ರಿಕ ಸಲಹೆಗೆ ಕಾಫಿ ಮಂಡಳಿ. ಚಿಂತಪಲ್ಲಿ ಕಡೆ ಆರ್.ವಿ. ನಗರದಲ್ಲಿ ಮಂಡಳಿಯ ಸಂಶೋಧನಾ ಕೇಂದ್ರವೇ ಇದೆ.

ಅಲ್ಲಿ ಕಂಡ ಮುಖ್ಯ ವಿಷಯ: ಕೊಳ್ಳುವವರು ಇಬ್ಬರು ಮೂವರು ಇದ್ದಾಗ ಖಾಸಗಿ ವ್ಯಾಪಾರಿಯೂ ಬೆಲೆ ಏರಿಸ್ತಾನೆ. ಸುಗ್ಗಿಗೆ ಮುಂಚೆ ಜಿಸಿಸಿ ಬೆಲೆ ಘೋಷಿಸುತ್ತೆ. ಜಿಸಿಸಿಗೆ ಒಂದು ಕಿಲೋ ಕೂಡ ಹಾಕದವನಿಗೂ ಆ ಘೋಷಣೆ ಕೆಲಸ ಮಾಡುತ್ತೆ, ಯಾಕಂದ್ರೆ ಸಂತೆಯಲ್ಲಿ ನಿಂತು "ಅಲ್ಲಿ ಇಷ್ಟಿದೆ" ಅಂತ ಹೇಳೋಕೆ ಅವನಿಗೊಂದು ಅಂಕಿ ಸಿಕ್ಕಿರುತ್ತೆ. ಇದು ಯಾವ ವಾರ್ಷಿಕ ವರದಿಯ ಲಾಭದ ಪಟ್ಟಿಯಲ್ಲೂ ಕಾಣಲ್ಲ.

ಇನ್ನೂ ದೊಡ್ಡದೊಂದಿದೆ. ಅದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದ್ರೆ ಗಿರಿಜನರಿಗೆ ವಿಶೇಷ ರಕ್ಷಣೆ ಇರೋ ಪ್ರದೇಶ. ಅಲ್ಲಿನ 1970ರ ಭೂ ವರ್ಗಾವಣೆ ನಿಯಮದ ಪ್ರಕಾರ ಗಿರಿಜನರಲ್ಲದವರು ಜಮೀನು ಕೊಳ್ಳೋಕೇ ಆಗಲ್ಲ. ಕಾಫಿಗೆ ಹೇಳಿಮಾಡಿಸಿದ ಬೆಟ್ಟ, ಒಳ್ಳೇ ಬೆಲೆ, ಹತ್ತಿರದಲ್ಲೇ ಬಂದರು. ಆ ಕಾನೂನು ಇಲ್ಲದಿದ್ದರೆ ಅರಕು ಇಷ್ಟೊತ್ತಿಗೆ ಹೊರಗಿನವರ ಎಸ್ಟೇಟ್ ಆಗಿರ್ತಿತ್ತು, ಈಗ ಬೆಳೆಗಾರರಾಗಿರೋರು ಅಲ್ಲಿ ಕೂಲಿಗೆ ಹೋಗ್ತಿದ್ದರು.

2019ರಲ್ಲಿ ಅರಕು, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ, ವಯನಾಡು ರೊಬಸ್ಟಾಕ್ಕೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿತು. ಅದಕ್ಕೆ ಹೂವಿನ ಹಾರ ಹಾಕಿದಷ್ಟು ಆ 1970ರ ನಿಯಮಕ್ಕೆ ಯಾರೂ ಹಾಕಲಿಲ್ಲ.

---

ಪೊನ್ನಂಪೇಟೆ ಕಡೆಯವಳು

ಕೊನೆಗೂ ಯಾರೋ ಕೂಲಿ ಅನ್ನೋ ಪದ ತಂದ್ರಲ್ಲ. ಇಷ್ಟು ಹೊತ್ತು ಓದ್ತಾ ನನಗೆ ಕಾಡ್ತಿದ್ದದ್ದು ಅದೇ.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಭಾಗ ಬೆಳೆಯೋ ರಾಜ್ಯ ಇದು, ಅದರಲ್ಲಿ ಕೊಡಗಿನ ಪಾಲು ಬಹಳ ದೊಡ್ಡದು. ಅಲ್ಲಿ ಯರವರು, ಜೇನು ಕುರುಬರು, ಬೆಟ್ಟ ಕುರುಬರು ಕಾಫಿ ಜೊತೆಗೇ ಬದುಕಿದ್ದಾರೆ. ಎಷ್ಟು ಜನ 'ಬೆಳೆಗಾರರು'? ಬಹುಪಾಲು ಜನ ಲೈನ್ ಮನೆಯವರು. ತೋಟದ ಮಾಲೀಕರ ಜಾಗದಲ್ಲಿ ಮನೆ, ಹಾಗಾಗಿ ವಿಳಾಸ ಇಲ್ಲ, ವಿಳಾಸ ಇಲ್ಲದ್ದಕ್ಕೆ ರೇಷನ್ ಕಾರ್ಡಿಗೂ ಪರದಾಟ. ಕೆಲಸ ಬಿಟ್ಟರೆ ಮನೆಯೂ ಹೋಯ್ತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ಕಿತ್ತು ಹಾಕಿದಾಗ ಬೀದಿಗೆ ಬಂದವರಲ್ಲಿ ಬಹಳಷ್ಟು ಜನ ಲೈನ್ ಮನೆಗಳಿಂದ ಹೊರಬಂದು ಸ್ವಂತದ್ದೊಂದು ನೆಲೆ ಹುಡುಕಿದ್ದವರು.

ಮರಗಸಿ ಮಾಡೋಕೆ, ಅಂದ್ರೆ ನೆರಳಿನ ಮರದ ರೆಂಬೆ ಕಡಿಯೋಕೆ, ಎತ್ತರದ ಮರ ಹತ್ತೋದು ಅವರು. ಚಿಗುರು ತೆಗೆಯೋದು, ಕಳೆ ಕೊಚ್ಚೋದು, ಬೋರರ್ ಹಿಡಿದ ಗಿಡ ಗುರುತಿಸೋದು ಅವರು. ಒಂದು ಗಿಡದ ಕಾಂಡ ಮುಟ್ಟಿ ನೋಡಿ ಒಳಗೆ ಹುಳ ಇದೆಯೋ ಇಲ್ಲವೋ ಹೇಳೋ ಹೆಂಗಸರನ್ನ ನಾನು ನೋಡಿದ್ದೀನಿ. ಇಷ್ಟೆಲ್ಲ ಗೊತ್ತಿದ್ದೂ ಅವರ ಹೆಸರಲ್ಲಿ ಕಾಫಿ ಗಿಡ ಒಂದೂ ಇಲ್ಲ. ಸಸಿ, ಸಬ್ಸಿಡಿ, ತರಬೇತಿ, ಉತ್ಪಾದಕ ಕಂಪನಿ ಎಲ್ಲದಕ್ಕೂ ಮೊದಲ ಪ್ರಶ್ನೆ "ಎಷ್ಟು ಎಕರೆ?" ಅಂತ. ಅಲ್ಲೇ ಬಾಗಿಲು ಮುಚ್ಚುತ್ತೆ.

ಲೆಕ್ಕಿಗರೇ, ನಿಮ್ಮ ತಕ್ಕಡಿ ಮಾತು ನನಗೆ ಒಪ್ಪಿಗೆ. ಆದ್ರೆ ಅದು ಹಣ್ಣು ತನ್ನದು ಅನ್ನೋರಿಗೆ. ಬೇರೆಯವರ ಹಣ್ಣು ಕೊಯ್ಯೋರಿಗೆ ಆಸರೆ ಅಂದ್ರೆ ಮನೆ ನಿವೇಶನ, ನೇರ ಖಾತೆಗೆ ಬರೋ ಕೂಲಿ, ಪೌಷ್ಟಿಕ ಆಹಾರದ ಕಿಟ್.

---

ಪೋಡಿನವನು

ಅಕ್ಕ, ನೀವು ಬರೆದದ್ದು ಓದಿ ಸುಮ್ನೆ ಕೂತ್ಬಿಟ್ಟೆ. ನಮ್ಮ ತಾತ ಎಸ್ಟೇಟಲ್ಲಿ ಕೂಲಿ. ನಮ್ಮಪ್ಪನಿಗೆ ಹಕ್ಕುಪತ್ರ ಇದೆ. ಕೊಡಗಿನವರಿಗೂ ನಮಗೂ ಇರೋ ಅಂತರ ಅಷ್ಟೇ.

---

ಯಶವಂತಪುರ ರೋಸ್ಟರ್

ನಾನು ಕಾಫಿ ಹುರಿಯೋ ಚಿಕ್ಕ ರೋಸ್ಟರಿ ನಡೆಸ್ತೀನಿ, ಬೆಟ್ಟದ ಕಡೆಯ ಸಣ್ಣ ಬೆಳೆಗಾರರಿಂದಲೂ ಕೊಳ್ತೀನಿ. ಕೊಳ್ಳುವವರ ಕಷ್ಟವನ್ನೂ ಹೇಳ್ತೀನಿ, ಯಾರನ್ನೂ ಸಮರ್ಥಿಸೋಕಲ್ಲ.

ಜನವರಿ, ಫೆಬ್ರವರಿಯಲ್ಲಿ ಇಡೀ ವರ್ಷದ ಕಾಫಿ ಕೊಂಡು ಇಟ್ಕೋಬೇಕು. ಮಾರೋದು ಹನ್ನೆರಡು ತಿಂಗಳು. ನಾನು ಕಾಫಿ ಕೊಟ್ಟ ಕೆಫೆಗಳು ನನಗೆ ದುಡ್ಡು ಕೊಡೋಕೆ ಎರಡು ತಿಂಗಳು ಮಾಡ್ತವೆ. 2025ರಲ್ಲಿ ಬೆಲೆ ಏರಿದಾಗಂತೂ ಮೊದಲು ಹತ್ತು ಮೂಟೆಗೆ ಆಗ್ತಿದ್ದ ದುಡ್ಡಿಗೆ ಐದು ಮೂಟೆ ಬರ್ತಿರಲಿಲ್ಲ. ಹಾಗಾಗಿ ಸಣ್ಣ ಕೊಳ್ಳುಗರು "ಅರ್ಧ ಈಗ, ಅರ್ಧ ಆಮೇಲೆ" ಅಂತಾರೆ. ಈ ಭಾರ ಕೊನೆಗೆ ಪೋಡಿನ ಅಮ್ಮನ ಮೇಲೆ ಬೀಳುತ್ತೆ, ಅದು ಅನ್ಯಾಯ. ಆದ್ದರಿಂದ ನಾನು ಈಗ ಕಡಿಮೆ ಕೊಳ್ತೀನಿ, ತೂಕ ಆದ ದಿನವೇ ಪೂರ್ತಿ ಕೊಡ್ತೀನಿ. ಪ್ಯಾಕೆಟ್ ಮೇಲೆ ಹಣ್ಣಿಗೆ ಕಿಲೋಗೆ ಎಷ್ಟು ಕೊಟ್ಟೆ, ಯಾವ ತಿಂಗಳು ಕೊಟ್ಟೆ ಅಂತ ಮುದ್ರಿಸ್ತೀನಿ. ಕೊಳ್ಳೋರು ಬೇರೆ ಕಡೆಯೂ ಇದನ್ನೇ ಕೇಳಿ. "ರೈತರಿಗೆ ನ್ಯಾಯವಾದ ಬೆಲೆ" ಅನ್ನೋ ಸಾಲು ಯಾರು ಬೇಕಾದ್ರೂ ಅಚ್ಚು ಹಾಕಬಹುದು, ದಿನಾಂಕ ಹಾಕೋದು ಕಷ್ಟ.

ಇನ್ನೊಂದು ಎಚ್ಚರಿಕೆ. ಯುರೋಪಿನ ಅರಣ್ಯನಾಶ ತಡೆ ನಿಯಮ ಜಾರಿ ಮುಂದಕ್ಕೆ ಹೋಗ್ತಾ ಇದೆ, ಆದ್ರೆ ಬಂದೇ ಬರುತ್ತೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದದ್ದಲ್ಲ ಅಂತ ಪ್ರತಿ ತುಂಡು ಜಮೀನಿನ ಸ್ಥಳ ಗುರುತು ಸಮೇತ ತೋರಿಸಬೇಕು. ಭಾರತದ ಕಾಫಿಯ ದೊಡ್ಡ ಪಾಲು ಯುರೋಪಿಗೇ ಹೋಗೋದು. ಕಾಡಿನ ನೆರಳಲ್ಲೇ ಬೆಳೆಯೋ ಸೋಲಿಗರಷ್ಟು ಇದಕ್ಕೆ ಅರ್ಹರು ಯಾರಿದ್ದಾರೆ? ಆದ್ರೆ ಮೊಬೈಲ್‌ನಲ್ಲಿ ಗುರುತು ದಾಖಲಿಸಿ ಕೊಡೋರು ಇಲ್ಲದಿದ್ರೆ ಮೊದಲು ಹೊರಗುಳಿಯೋರೂ ಅವರೇ. ಕಾಫಿ ಮಂಡಳಿ ನೋಂದಣಿ ಮಾಡಿಸ್ತಿದೆ. ಹಕ್ಕುಪತ್ರ ಇರೋರೆಲ್ಲ ಈಗಲೇ ಮಾಡಿಸಿಕೊಳ್ಳಿ.

---

ಬಸವನಗುಡಿ ಲೆಕ್ಕಿಗ

ಪೊನ್ನಂಪೇಟೆಯವರು ಹೇಳಿದ್ದು ನನ್ನ ಪ್ರಶ್ನೆಯನ್ನೇ ದೊಡ್ಡದು ಮಾಡಿದೆ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇಲ್ಲ. ಆದ್ರೆ ಕೂಲಿಕಾರರೇ ಒಂದು ಉದ್ಯಮವನ್ನು ಕೈಗೆ ತಗೊಂಡ ಉದಾಹರಣೆ ನಮ್ಮ ಕಾಫಿಯಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸಗಾರರು 1957ರಲ್ಲಿ ಇದೇ ಬೆಂಗಳೂರಲ್ಲಿ ಮೊದಲ ಸಹಕಾರ ಸಂಘ ಕಟ್ಟಿಕೊಂಡರು. ಇಂಡಿಯಾ ಕಾಫಿ ಹೌಸ್ ಇವತ್ತಿಗೂ ನಡೀತಿದೆ. ಮರಗಸಿ, ಕೊಯ್ಲು ಬಲ್ಲವರ ಸಂಘ ಒಂದು ತೋಟಕ್ಕೆ ಕೆಲಸವನ್ನು ಒಪ್ಪಂದದ ಮೇಲೆ ಮಾಡಿಕೊಡೋದು ಯಾಕಾಗಬಾರದು? ಲೈನ್ ಮನೆ ಬಿಡಿಸಿದರೂ ಕೆಲಸ ಉಳಿಯೋ ಹಾಗೆ?

ರೈತ ಉತ್ಪಾದಕ ಕಂಪನಿಗಳ ಬಗ್ಗೆ ಒಂದು ಮಾತು. 2020ರಲ್ಲಿ ಕೇಂದ್ರ ಸರ್ಕಾರ 10,000 ಕಂಪನಿಗಳ ಯೋಜನೆ ತಂದಿತು, ಒಂದೊಂದಕ್ಕೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ನೆರವು. ಕಾಫಿ ಗಿಡ ನೆಟ್ಟು ಸರಿಯಾದ ಫಸಲು ಬರೋಕೇ ಅದಕ್ಕಿಂತ ಹೆಚ್ಚು ಕಾಲ ಬೇಕು. ನೆರವು ನಿಂತ ವರ್ಷವೇ ಮ್ಯಾನೇಜರ್ ಸಂಬಳ ನಿಲ್ಲುತ್ತೆ, ಕಚೇರಿಗೆ ಬೀಗ ಬೀಳುತ್ತೆ. ನಾನು ಲೆಕ್ಕ ನೋಡಿದ ಒಂದು ಗುಂಪಿನಲ್ಲಿ ಪಲ್ಪರ್ ಹೊಸದಾಗೇ ಇತ್ತು, ಅದನ್ನು ನಡೆಸೋಕೆ ಡೀಸೆಲ್‌ಗೆ ದುಡ್ಡಿರಲಿಲ್ಲ. ಯಂತ್ರಕ್ಕೆ ಅನುದಾನ ಸಿಗುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಓಡಾಟದ ಬಂಡವಾಳಕ್ಕೆ ಯಾರೂ ಕೊಡಲ್ಲ. ಹತ್ತು ಲಕ್ಷ ಯಂತ್ರಕ್ಕೆ ಹಾಕೋ ಬದಲು ಮೂರು ಲಕ್ಷ ಯಂತ್ರಕ್ಕೆ, ಏಳು ಲಕ್ಷ ಹಣ್ಣು ಕೊಳ್ಳೋ ನಗದಿಗೆ ಇಟ್ಟಿದ್ರೆ ಆ ಬೀಗ ಬೀಳ್ತಿರಲಿಲ್ಲ.

---

ಪೋಡಿನವನು

ಸರ್, ಅದೇ ಕೇಳ್ಬೇಕಂತಿದ್ದೆ. ನಮ್ಮ ಪೋಡಿನ ಹೆಂಗಸರ ಸಂಘದವರು ಕೈಯಲ್ಲಿ ತಿರುಗಿಸೋ ಚಿಕ್ಕ ಪಲ್ಪರ್ ತಗೊಳ್ಳೋಣ, ಸುತ್ತಲಿನ ಮನೆಯವರ ಹಣ್ಣನ್ನೂ ಕೊಂಡು ಪಾರ್ಚ್‌ಮೆಂಟ್ ಮಾಡೋಣ ಅಂತಿದ್ದಾರೆ. ಕಣಕ್ಕೆ ಟಾರ್ಪಾಲ್ ಇದೆ, ನೀರು ಹತ್ತಿರದಲ್ಲಿದೆ. ಸಾಲ ಒಬ್ಬೊಬ್ಬರ ಹೆಸರಲ್ಲಿ ಕೇಳ್ಬೇಕಾ, ಸಂಘದ ಹೆಸರಲ್ಲಾ?

---

ನಿವೃತ್ತ ಬ್ಯಾಂಕಿನವರು

ಸಂಘದ ಹೆಸರಲ್ಲಿ ಕೇಳಿಸಿ. ಅದು ಸಂಜೀವಿನಿ ಯೋಜನೆಯಡಿ ಬರುವ ಸ್ವಸಹಾಯ ಸಂಘವಾಗಿದ್ದರೆ 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಬೆಳೆಸಾಲವನ್ನು ಮಾತ್ರ ಹಕ್ಕುಪತ್ರ ತೋರಿಸಿ ಗಂಡ ಹೆಂಡತಿ ಸೇರಿ ಬೇರೆಯಾಗಿ ಕೇಳಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ. ಸಂಘದ ಅರ್ಜಿಯಲ್ಲಿ ಪಲ್ಪರ್‌ಗೆ ಎಷ್ಟು, ಹಣ್ಣು ಕೊಳ್ಳಲು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಹಣ್ಣಿನ ದುಡ್ಡು ಮಾರ್ಚ್ ಹೊತ್ತಿಗೆ ತೀರುತ್ತದೆ ಎಂದು ತಿಂಗಳ ಲೆಕ್ಕ ಹಾಕಿ ತೋರಿಸಿದರೆ ಮ್ಯಾನೇಜರ್‌ಗೂ ಧೈರ್ಯ ಬರುತ್ತದೆ.

ಸಂಘದ ನಡಾವಳಿ ಪುಸ್ತಕದ, ಪಾಸ್‌ಬುಕ್ಕಿನ ಫೋಟೋಗಳನ್ನು ಖಾಸಗಿ ಸಂದೇಶದಲ್ಲಿ ಕಳಿಸಿ, ಅರ್ಜಿಯ ಕರಡು ನಾನು ಬರೆದುಕೊಡುತ್ತೇನೆ. ಮಂಜೂರಾತಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಗಣೇಶ ಹಬ್ಬದೊಳಗೆ ಅರ್ಜಿ ಶಾಖೆ ಸೇರಬೇಕು.

---

ಯಶವಂತಪುರ ರೋಸ್ಟರ್

ಪೋಡಿನವರೇ, ಮೊದಲ ವರ್ಷ ಹೆಚ್ಚು ಮಾಡೋಕೆ ಹೋಗ್ಬೇಡಿ. ಹುಳಿ ಜಾಸ್ತಿ ಬಂದ್ರೆ ಇಡೀ ಲಾಟ್ ಕೆಡುತ್ತೆ, ಬೆಟ್ಟದ ಚಳಿಗೆ ಎಷ್ಟು ಗಂಟೆ ಬೇಕು ಅಂತ ಅಲ್ಲೇ ನೋಡಿ ಕಲೀಬೇಕು. ಪಲ್ಪರ್ ಬಂದ್ಮೇಲೆ ಹೇಳಿ, ತೇವಾಂಶ ನೋಡೋ ಮೀಟರ್ ತಗೊಂಡು ನಾನೇ ಬರ್ತೀನಿ. ಕೆಂಪಲ್ಲದ ಹಣ್ಣನ್ನೂ ಬಿಸಾಡ್ಬೇಡಿ, ಬೇರೆಯಾಗಿ ಒಣಗಿಸಿ ಚೆರ್ರಿ ಮಾಡಿ ಇಡಿ. ಅದನ್ನೂ ತೂಕಕ್ಕೆ ಹಾಕಿ ತಗೋತೀನಿ, ಡಬ್ಬದ ಲೆಕ್ಕದಲ್ಲಿ ಅಲ್ಲ.